ಮುತ್ತಜ್ಜನ ಹೆಸರಿಗೆ ಎಷ್ಟು ಖರ್ಚು?

ಮನೆತನದ ಇತಿಹಾಸ ಹುಡುಕುವ ಹವ್ಯಾಸಕ್ಕೆ ಕೊಳ್ಳಬೇಕಾದ ಸಾಮಾನು ಹೆಚ್ಚೇನೂ ಇಲ್ಲ. ಒಂದು ನೋಟ್‌ಬುಕ್ಕು, ಕೈಯಲ್ಲಿರುವ ಫೋನು, ಬಸ್ ಚಾರ್ಜು ಇದ್ದರೆ ಯಾರು ಬೇಕಾದರೂ ಶುರುಮಾಡಬಹುದು. ಆದರೂ ಎರಡು ಮೂರು ವರ್ಷ ಇದರ ಹಿಂದೆ ಬಿದ್ದವರು ಲೆಕ್ಕ ಹಾಕಿ ನೋಡಿದರೆ ಬೆಚ್ಚುವುದುಂಟು. ಕಚೇರಿಗಳಿಗೆ ಕಟ್ಟಿದ ಶುಲ್ಕ ನೂರರ ಲೆಕ್ಕದಲ್ಲಿರುತ್ತದೆ, ಓಡಾಟದ್ದು ಸಾವಿರದ ಲೆಕ್ಕದಲ್ಲಿ. ಹಾಕಿದ ರಜೆ, ಕಾದ ಹೊತ್ತು, ಮುನಿಸಿಕೊಂಡ ನೆಂಟರು ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಪಶ್ಚಿಮದ ದೇಶಗಳಲ್ಲಿ ಈ ಹವ್ಯಾಸಕ್ಕೆ ಒಂದು ಮಾರುಕಟ್ಟೆಯೇ ಇದೆ. ಚಂದಾ ಕಟ್ಟಿದರೆ ಜನಗಣತಿಯ ಹಾಳೆ, ಹಡಗಿನ ಪ್ರಯಾಣಿಕರ ಪಟ್ಟಿ, ಚರ್ಚಿನ ರಿಜಿಸ್ಟರು ಮನೆಯ ಪರದೆಯ ಮೇಲೆ ಬರುತ್ತವೆ. ನಮ್ಮಲ್ಲಿ ಹಾಗೆ ದುಡ್ಡು ಕೊಟ್ಟು ಪಡೆಯುವ ಸೌಲಭ್ಯ ಕಡಿಮೆ. ಹಾಗಾಗಿ ಖರ್ಚು ಎಷ್ಟಾಗುತ್ತದೆ ಎನ್ನುವುದು ಹುಡುಕುವವರ ಕೈಯಲ್ಲಿರುವ ಹಣಕ್ಕಿಂತ, ಅವರ ಹಿರಿಯರು ಎಲ್ಲಿಂದ, ಯಾವಾಗ, ಏನು ಹೊತ್ತುಕೊಂಡು ಬಂದರು ಎನ್ನುವುದರ ಮೇಲೆ ನಿಂತಿರುತ್ತದೆ. ಇದನ್ನು ಭದ್ರಾವತಿಯಷ್ಟು ಸ್ಪಷ್ಟವಾಗಿ ತೋರಿಸುವ ಊರುಗಳು ಕರ್ನಾಟಕದಲ್ಲಿ ಹೆಚ್ಚಿಲ್ಲ.

ಜನ್ನಾಪುರದಲ್ಲಿ ಕೂತು ಹುಡುಕುವುದೆಂದರೆ

ಜನ್ನಾಪುರ ಭದ್ರಾವತಿ ನಗರಸಭೆಯ ವ್ಯಾಪ್ತಿಯಲ್ಲಿದೆ. ಉಕ್ಕಿನ ಕಾರ್ಖಾನೆಯ ನ್ಯೂಟೌನಿಗೆ ಹತ್ತಿರದ ಪ್ರದೇಶ. ಭದ್ರಾವತಿಗೆ ಹಿಂದೆ ಬೆಂಕಿಪುರ ಎಂಬ ಹೆಸರಿತ್ತು. ಹದಿಮೂರನೇ ಶತಮಾನದ ಹೊಯ್ಸಳ ಶೈಲಿಯ ಲಕ್ಷ್ಮೀನರಸಿಂಹ ದೇವಸ್ಥಾನ ಇಲ್ಲಿದ್ದರೂ, ಈಗಿನ ಊರನ್ನು ಕಟ್ಟಿದ್ದು ಕಾರ್ಖಾನೆ. ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ ರೂಪುಗೊಂಡ ಮೈಸೂರು ಐರನ್ ವರ್ಕ್ಸ್ 1923ರಲ್ಲಿ ಕಬ್ಬಿಣ ತೆಗೆಯಲು ಶುರುಮಾಡಿತು. 1936ರಲ್ಲಿ ಮೈಸೂರು ಪೇಪರ್ ಮಿಲ್ಸ್ ಸ್ಥಾಪನೆಯಾಯಿತು. ಕುಲುಮೆಗೆ, ಕಾಡಿನ ಸೌದೆಗೆ, ಅದಿರಿಗೆ, ಕಾಗದಕ್ಕೆ ಕೈಗಳು ಬೇಕಾದವು. ಸುತ್ತಲಿನ ತಾಲ್ಲೂಕುಗಳಿಂದಷ್ಟೇ ಅಲ್ಲದೆ ತಮಿಳು, ತೆಲುಗು, ಮಲಯಾಳ, ಮರಾಠಿ ಸೀಮೆಗಳಿಂದಲೂ ಜನ ಬಂದರು. ಇವತ್ತಿಗೂ ಊರಿನ ಒಂದು ಬೀದಿಯಲ್ಲಿ ನಾಲ್ಕು ಮನೆಯ ಬಾಗಿಲು ತಟ್ಟಿದರೆ ಮೂರು ಭಾಷೆ ಕೇಳಿಸುವುದು ಸಾಮಾನ್ಯ.

ಇದರ ಪರಿಣಾಮ ಸರಳ. ಇಲ್ಲಿನ ಬಹಳಷ್ಟು ಮನೆತನಗಳ ಕತೆ ಸುಮಾರು ನೂರು ವರ್ಷ ಹಿಂದಕ್ಕೆ ಹೋಗುತ್ತಿದ್ದಂತೆ ಊರು ಬಿಟ್ಟು ಹೊರಡುತ್ತದೆ. ಅಜ್ಜನವರೆಗಿನ ಕಾಗದ ಭದ್ರಾವತಿಯಲ್ಲಿ ಸಿಗುತ್ತದೆ; ಮುತ್ತಜ್ಜನದು ತರೀಕೆರೆಯಲ್ಲೋ ಸೊರಬದಲ್ಲೋ ಸೇಲಂನಲ್ಲೋ ಇರುತ್ತದೆ. ಆಚೆಗಿನ ಒಂದೊಂದು ತಲೆಮಾರೂ ಇನ್ನೊಂದು ತಾಲ್ಲೂಕು ಕಚೇರಿ, ಇನ್ನೊಂದು ಬಸ್ಸು, ಕೆಲವೊಮ್ಮೆ ಇನ್ನೊಂದು ಲಿಪಿ.

ಹುಡುಕುವ ಮೊದಲು ಹೆಸರುಗಳ ಪಾಠವನ್ನೂ ಕಲಿಯಬೇಕಾಗುತ್ತದೆ. ಹಳೆಯ ದಾಖಲೆಯಲ್ಲಿ ಭದ್ರಾವತಿ ಇರುವುದಿಲ್ಲ, ಬೆಂಕಿಪುರ ಇರುತ್ತದೆ. ನರಸಿಂಹರಾಜಪುರ ಹಿಂದೆ ಎಡೇಹಳ್ಳಿ. ಇಂಗ್ಲಿಷ್ ಕಡತಗಳಲ್ಲಿ 2014ರ ನವೆಂಬರ್ 1ರವರೆಗೂ ಶಿವಮೊಗ್ಗ 'ಶಿಮೊಗ'. ಕಾರ್ಖಾನೆಯ ಹೆಸರೇ ಐರನ್ ವರ್ಕ್ಸ್, ಐರನ್ ಅಂಡ್ ಸ್ಟೀಲ್ ವರ್ಕ್ಸ್, ವಿಐಎಸ್‌ಎಲ್ ಎಂದು ಬದಲಾಗುತ್ತ ಬಂದಿದೆ. ಈ ತಿಳಿವಳಿಕೆಗೆ ಕಾಸು ಬೇಡ. ಇಲ್ಲದಿದ್ದರೆ ಮಾತ್ರ ಕಾಸು ಹೋಗುತ್ತದೆ.

ಮೊದಲ ಖರ್ಚು ಹಿರಿಯರ ಮೇಲೆ

ಕಚೇರಿಯ ಕಾಗದ ಈ ವರ್ಷ ಸಿಗದಿದ್ದರೆ ಮುಂದಿನ ವರ್ಷ ಸಿಕ್ಕೀತು. ಎಂಬತ್ತೈದು ದಾಟಿದ ಅತ್ತೆ ಹಾಗಲ್ಲ. ಕೈಯಲ್ಲಿ ಎರಡು ಸಾವಿರ ರೂಪಾಯಿ ಮಾತ್ರ ಇದ್ದರೆ ಅದನ್ನು ಯಾವ ಅರ್ಜಿಗೂ ಹಾಕದೆ, ಮನೆತನದಲ್ಲಿ ಉಳಿದಿರುವ ಹಿರಿಯ ಹೆಂಗಸರನ್ನು ಕಂಡುಬರುವುದಕ್ಕೆ ಬಳಸುವುದು ಮೇಲು. ಹೆಂಗಸರನ್ನೇ ಯಾಕೆ ಎಂದರೆ, ಗಂಡಸರು ಜಮೀನಿನ ಸರ್ವೆ ನಂಬರು ನೆನಪಿಟ್ಟುಕೊಂಡಿರುತ್ತಾರೆ, ಹೆಂಗಸರು ಯಾರ ಬಾಣಂತನ ಯಾವ ಮನೆಯಲ್ಲಾಯಿತು ಎನ್ನುವುದನ್ನು. ವಂಶ ಬೆಳೆದದ್ದು ಎರಡನೆಯದರಿಂದ.

ಹಿರಿಯರು ಇಸವಿ ಹೇಳುವುದು ಕಡಿಮೆ. ಸಂವತ್ಸರ ಹೇಳುತ್ತಾರೆ, ಇಲ್ಲವೇ ಒಂದು ಘಟನೆ ಹೇಳುತ್ತಾರೆ. ಇಲ್ಲಿ ಚೂರು ಲೆಕ್ಕ ಬೇಕು. ಅರವತ್ತು ಸಂವತ್ಸರಗಳ ಚಕ್ರ 1867ರಲ್ಲಿ, 1927ರಲ್ಲಿ, 1987ರಲ್ಲಿ ಪ್ರಭವದಿಂದ ಶುರುವಾಗಿದೆ. ಹಾಗಾಗಿ ಧಾತು-ಈಶ್ವರದ ಬರ ಎಂದರೆ 1876-78ರ ಮಹಾ ಬರಗಾಲ. ವಿಳಂಬಿಯಲ್ಲಿ, ಅಂದರೆ 1898ರಲ್ಲಿ, ಮೈಸೂರು ಸಂಸ್ಥಾನಕ್ಕೆ ಪ್ಲೇಗು ಬಂತು. ಕಾಳಯುಕ್ತಿ 1918, ಇನ್‌ಫ್ಲುಯೆಂಜಾದ ವರ್ಷ. ರಕ್ತಾಕ್ಷಿ 1924, ಮಲೆನಾಡು ಕರಾವಳಿಗಳಲ್ಲಿ ಜನ ಬಹುಕಾಲ ನೆನೆದ ದೊಡ್ಡ ನೆರೆಯ ವರ್ಷ. 'ನಮ್ಮಪ್ಪ ನೆರೆ ಬಂದಾಗ ತೊಟ್ಟಿಲಲ್ಲಿದ್ದರಂತೆ' ಎಂಬ ಒಂದು ಮಾತು ಶಾಲೆಯ ದಾಖಲೆಗಿಂತ ನಂಬಿಕೆಗೆ ಯೋಗ್ಯ. ಯಾಕೆಂದರೆ ಶಾಲೆಗೆ ಸೇರಿಸುವಾಗ ಮೇಷ್ಟರು ವಯಸ್ಸು ಹೊಂದಿಸಿ ಬರೆದ ಹುಟ್ಟಿದ ತಾರೀಖುಗಳು ನಮ್ಮ ದಾಖಲೆಗಳಲ್ಲಿ ತುಂಬಿಹೋಗಿವೆ. ತಮಿಳು ಮೂಲದ ಮನೆಗಳಲ್ಲೂ ಇದೇ ಚಕ್ರ ನಡೆಯುತ್ತದೆ. ಅವರಲ್ಲೂ ಆ ಬರ ಧಾತು ವರ್ಷದ ಬರವೇ. ಹಳೆಯ ಜಾತಕ ಸಿಕ್ಕರಂತೂ ಸಂವತ್ಸರ, ಮಾಸ, ತಿಥಿ, ನಕ್ಷತ್ರ ಎಲ್ಲ ಇರುವುದರಿಂದ ದಿನವನ್ನೇ ಹಿಡಿಯಬಹುದು. ಅರವತ್ತು ವರ್ಷ ಹಿಂದೋ ಮುಂದೋ ಎನ್ನುವ ಒಂದೇ ಅನುಮಾನವನ್ನು ತಲೆಮಾರಿನ ಲೆಕ್ಕದಿಂದ ಬಗೆಹರಿಸಿಕೊಳ್ಳಬೇಕು.

ಮೊಮ್ಮಗನಿಗೆ ಅಜ್ಜನ ಹೆಸರಿಡುವ ವಾಡಿಕೆಯಿಂದ ಇನ್ನೊಂದು ತೊಡಕು. ತಿಮ್ಮಪ್ಪನ ಮಗ ರಾಮಪ್ಪ, ರಾಮಪ್ಪನ ಮಗ ತಿಮ್ಮಪ್ಪ, ಅವನ ಮಗ ಮತ್ತೆ ರಾಮಪ್ಪ ಎಂದು ಪಹಣಿಯಲ್ಲಿ ಬರುತ್ತಿದ್ದರೆ ಯಾವ ರಾಮಪ್ಪ ಯಾವನೆಂದು ತಿಳಿಯುವುದು ಹೆಂಡತಿಯ ಹೆಸರಿನಿಂದ. ಆ ಹೆಸರೇ ಕಾಗದದಲ್ಲಿ ಇರುವುದಿಲ್ಲ. ಶ್ರಾದ್ಧ ಮಾಡುವ ಮನೆಗಳಲ್ಲಿ ತಂದೆ, ಅಜ್ಜ, ಮುತ್ತಜ್ಜ ಎಂದು ಮೂರು ತಲೆಮಾರಿನ ಹೆಸರು ಬಾಯಿಗೆ ಬರುತ್ತದೆ, ಜೊತೆಗೆ ತಾಯಿ, ಅಜ್ಜಿ, ಮುತ್ತಜ್ಜಿಯರದೂ. ಪುರೋಹಿತರ ದಕ್ಷಿಣೆಯ ಜೊತೆಗೇ ಬರುವ ಈ ಮಾಹಿತಿಗೆ ಬೇರೆ ಖರ್ಚಿಲ್ಲ.

ಕಚೇರಿಗಳ ಶುಲ್ಕ

ಜನನ-ಮರಣ ನೋಂದಣಿ ಈಗಿನ ರೂಪಕ್ಕೆ ಬಂದದ್ದು 1969ರ ಕಾಯ್ದೆಯಿಂದ. ಅದಕ್ಕಿಂತ ಹಿಂದಿನ ನೋಂದಣಿ ಊರಿಂದೂರಿಗೆ ಏರುಪೇರು. ಪಟೇಲ, ಶಾನುಭೋಗರು ಬರೆಸಿದ ಕಡೆ ಉಂಟು, ಬರೆಸದ ಕಡೆ ಇಲ್ಲ. ನಗರಸಭೆಯಲ್ಲಿ, ಹಳ್ಳಿಯದಾದರೆ ತಾಲ್ಲೂಕು ಕಚೇರಿಯಲ್ಲಿ ಹುಡುಕಿಸಲು ಕಟ್ಟುವ ಹಣ ಸಣ್ಣದು. ಆದರೆ ಹುಡುಕಾಟದ ಶುಲ್ಕ ವರ್ಷಕ್ಕೆ ಇಷ್ಟು ಎಂಬ ಲೆಕ್ಕದಲ್ಲಿರುತ್ತದೆ. 'ಸುಮಾರು ಅರವತ್ತೈದರಿಂದ ಎಂಬತ್ತರೊಳಗೆ ತೀರಿಕೊಂಡರು' ಎಂದು ಹೋದವರಿಗೆ ಹದಿನಾರು ವರ್ಷದ ಶುಲ್ಕ, ಅದಕ್ಕಿಂತ ಹೆಚ್ಚಾಗಿ ಗುಮಾಸ್ತರ ಕೆಂಗಣ್ಣು.

ಜಮೀನಿದ್ದ ಮನೆತನಗಳಿಗೆ ನಿಜವಾದ ನಿಧಿ ಕಂದಾಯ ಇಲಾಖೆಯ ರೆಕಾರ್ಡ್ ರೂಮು. ಕೈಬರಹದ ಪಹಣಿಗಳು 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆಯಡಿ ಕಂಪ್ಯೂಟರಿಗೆ ಹೋದವು. ಆಗ ಒಂದು ಪಹಣಿಗೆ 15 ರೂಪಾಯಿ ಇಟ್ಟಿದ್ದರು. ದರ ಏರಿದ ಮೇಲೂ ಅದು ಒಂದು ಮಸಾಲೆದೋಸೆಯ ಬೆಲೆ ಮುಟ್ಟಿಲ್ಲ. ಬರೀ ನೋಡುವುದಾದರೆ ಇಲಾಖೆಯ ಜಾಲತಾಣದಲ್ಲಿ ಉಚಿತ. ಪಹಣಿಯ 9ನೇ ಕಲಂನಲ್ಲಿ ಹಕ್ಕುದಾರರ ಹೆಸರು, 10ನೇ ಕಲಂನಲ್ಲಿ ಆ ಹಕ್ಕು ಹೇಗೆ ಬಂತು ಎನ್ನುವುದು ಇರುತ್ತದೆ. ಹವ್ಯಾಸಿಗೆ ಬೇಕಾದದ್ದು ಈ 10ನೆಯದು. ಅಲ್ಲಿ ಎಂ.ಆರ್. ನಂಬರೋ ಐ.ಎಚ್.ಸಿ. ನಂಬರೋ ಇದ್ದರೆ ಅದರ ಹಿಂದೆ ಒಂದು ಮ್ಯುಟೇಷನ್ ಕಡತವಿದೆ ಎಂದರ್ಥ. ತಂದೆ ಸತ್ತು ಮಕ್ಕಳ ಹೆಸರಿಗೆ ಪೌತಿ ಖಾತೆಯಾದ ಕಡತವಾದರೆ ಅದರೊಳಗೆ ಅಂದಿನ ವಂಶವೃಕ್ಷವೇ ಇರುವ ಸಾಧ್ಯತೆ ಹೆಚ್ಚು. ಇದಕ್ಕೂ ಹಿಂದಕ್ಕೆ ಇಂಡೆಕ್ಸ್ ಆಫ್ ಲ್ಯಾಂಡ್, ರೆಕಾರ್ಡ್ ಆಫ್ ರೈಟ್ಸ್ ಪುಸ್ತಕಗಳಿವೆ. ಈಚೆಗೆ 'ಭೂ ಸುರಕ್ಷಾ' ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಡುವ ಕೆಲಸ ನಡೆದಿದೆ. ಅದು ಪೂರ್ತಿಯಾದರೆ ಈ ಹವ್ಯಾಸದ ಖರ್ಚಿನಲ್ಲಿ ದೊಡ್ಡ ಪಾಲು ಇಳಿಯುತ್ತದೆ, ದೂಳಿನ ಕೆಮ್ಮೂ.

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ಕ್ರಯಪತ್ರ, ವಿಭಾಗಪತ್ರಗಳಲ್ಲೂ ಹೆಸರುಗಳು ಹೇರಳ. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡ ವಿಭಾಗಪತ್ರದಷ್ಟು ಒಳ್ಳೆಯ ಕುಟುಂಬ ಚಿತ್ರ ಬೇರೆಲ್ಲೂ ಸಿಗದು. ಹಿತ್ತಲಿನ ತೆಂಗಿನ ಮರ ಯಾರಿಗೆ, ಬಾವಿಯ ನೀರು ಯಾರಿಗೆ, ತಾಯಿಯ ಊಟಕ್ಕೆ ಯಾರು ಎಷ್ಟು ಭತ್ತ ಕೊಡಬೇಕು ಎಂಬುದೆಲ್ಲ ಅದರಲ್ಲಿ ಬರುತ್ತದೆ.

ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ನಕಲಿಗೆ ಪುಟಕ್ಕೆ 2 ರೂಪಾಯಿ. ನಲವತ್ತು ಪುಟದ ಕಡತ 90 ರೂಪಾಯಿಗೆ ಕೈಗೆ ಬರುತ್ತದೆ. ಇದಕ್ಕಿಂತ ಅಗ್ಗದ ಸಂಶೋಧನೆ ಇಲ್ಲ. ಆದರೆ ಮಿತಿಗಳಿವೆ. ಕಚೇರಿಯಲ್ಲಿರುವ ದಾಖಲೆಯನ್ನಷ್ಟೇ ಕೇಳಬಹುದು, 'ನಮ್ಮ ಮುತ್ತಜ್ಜ ಯಾರು' ಎಂದು ಕೇಳುವಂತಿಲ್ಲ. ಇನ್ನೊಬ್ಬರ ಖಾಸಗಿ ಮಾಹಿತಿ ಎಂದು ಅರ್ಜಿ ತಿರಸ್ಕಾರವಾಗುವುದೂ ಉಂಟು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹಾಗೆ ತಿರಸ್ಕರಿಸಲು ಬಳಸುವ ಕಲಮನ್ನು ಇನ್ನಷ್ಟು ಬಿಗಿಮಾಡಿದೆ.

ಜನಗಣತಿಯ ಮೇಲೆ ಆಸೆ ಇಟ್ಟುಕೊಳ್ಳುವುದು ಬೇಡ. ಬ್ರಿಟನ್‌ನಲ್ಲಿ ನೂರು ವರ್ಷದ ನಂತರ ಮನೆಮನೆಯ ಹಾಳೆ ಬಿಡುಗಡೆಯಾಗುತ್ತದೆ. ಭಾರತದಲ್ಲಿ 1948ರ ಜನಗಣತಿ ಕಾಯ್ದೆಯ ಪ್ರಕಾರ ವ್ಯಕ್ತಿಗಳ ವಿವರ ಗೋಪ್ಯ. ನಮಗೆ ಸಿಗುವುದು ಒಟ್ಟು ಅಂಕಿಗಳ ವರದಿ ಮಾತ್ರ. ಅದರ ಬದಲಿಗೆ ಹಳೆಯ ಮತದಾರರ ಪಟ್ಟಿ ಒಂದಿಷ್ಟು ಕೆಲಸಕ್ಕೆ ಬರುತ್ತದೆ. 2002ರ ಪಟ್ಟಿಯನ್ನು ಜಾಲತಾಣದಲ್ಲಿ ಬಿಟ್ಟಿ ನೋಡಬಹುದು. ಅದರಲ್ಲಿ ಹೆಂಗಸರ ಹೆಸರು, ವಯಸ್ಸು, ಗಂಡನ ಅಥವಾ ತಂದೆಯ ಹೆಸರು ಇರುವುದು ದೊಡ್ಡ ಅನುಕೂಲ.

ಕಾರ್ಖಾನೆಯ ಕಾಗದ

ಭದ್ರಾವತಿಯ ವಿಶೇಷ ಇದು. ಜಮೀನೇ ಇಲ್ಲದ ಮನೆತನಕ್ಕೂ ಇಲ್ಲಿ ಕಾಗದವಿದೆ. ಕೂಲಿಗೆಂದು ಬಂದವನ ಹೆಸರು, ತಂದೆಯ ಹೆಸರು, ಸ್ವಂತ ಊರು, ವಯಸ್ಸು, ಕೆಲಸಕ್ಕೆ ಸೇರಿದ ದಿನ ಕಾರ್ಖಾನೆಯ ಸೇವಾ ದಾಖಲೆಗೆ ಏರಿದವು. ಭವಿಷ್ಯನಿಧಿ ಬಂದ ಮೇಲೆ ನಾಮಿನಿ ಫಾರಂ ಸೇರಿತು. ಹೆಂಡತಿಯ ಹೆಸರು ಸರ್ಕಾರಿ ಗತ್ತಿನ ಕಾಗದದಲ್ಲಿ ಮೊದಲ ಬಾರಿ ಬಂದದ್ದು ಎಷ್ಟೋ ಮನೆಗಳಲ್ಲಿ ಇಲ್ಲೇ. ಕ್ವಾರ್ಟರ್ಸ್ ಅಲಾಟ್‌ಮೆಂಟ್ ಪತ್ರ, ಗೇಟ್ ಪಾಸು, ಸಂಬಳದ ಚೀಟಿ, ನಿವೃತ್ತಿಯ ದಿನ ಸೆಕ್ಷನ್ನಿನವರೆಲ್ಲ ನಿಂತು ತೆಗೆಸಿಕೊಂಡ ಗ್ರೂಪ್ ಫೋಟೋ ಇವೆಲ್ಲ ಟ್ರಂಕಿನಲ್ಲಿ ಇರುತ್ತವೆ. ಖರ್ಚು ಎಂದರೆ ಸ್ಕ್ಯಾನ್ ಮಾಡಿಸುವುದು, ಆಮ್ಲರಹಿತ ಕವರು ಸಿಗದಿದ್ದರೆ ಹತ್ತಿಬಟ್ಟೆಯಲ್ಲಿ ಸುತ್ತಿಡುವುದು, ಲ್ಯಾಮಿನೇಷನ್ ಮಾಡಿಸುತ್ತೇನೆ ಎಂದು ಹೊರಟವರ ಕೈ ಹಿಡಿಯುವುದು. ಲ್ಯಾಮಿನೇಷನ್ ಹಳೆಯ ಕಾಗದವನ್ನು ಉಳಿಸುವುದಿಲ್ಲ; ಬಿಸಿ ಮತ್ತು ಅಂಟಿನಿಂದ ಅದನ್ನು ಮರಳಿ ಬಾರದಂತೆ ಕೆಡಿಸುತ್ತದೆ.

ಕಾರ್ಖಾನೆ 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. ಕಾಗದ ಕಾರ್ಖಾನೆ ಕಳೆದ ದಶಕದಲ್ಲಿ ಉತ್ಪಾದನೆ ನಿಲ್ಲಿಸಿತು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿದ್ದಾಗ ಊರಿನವರು ಕೆಲಸದ ಬಗ್ಗೆ ಮಾತಾಡಿದರು, ಅದು ಸರಿಯೇ. ನೂರು ವರ್ಷದ ಕಾರ್ಮಿಕರ ದಾಖಲೆಗಳು ಏನಾಗುತ್ತವೆ ಎಂಬ ಪ್ರಶ್ನೆಯೂ ಕೇಳುವಂಥದ್ದು. ಕಾರ್ಖಾನೆಯ ಹಳೆ ಕಡತ ಗುಜರಿಗೆ ಹೋದರೆ ತಮಿಳು ಮೂಲದ ಒಂದು ಮನೆತನಕ್ಕೆ ತನ್ನ ಹಳ್ಳಿಯ ಹೆಸರೇ ಕೈತಪ್ಪಬಹುದು. ಆಮೇಲೆ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರಕ್ಕೆ ಎಷ್ಟು ಸಲ ಹೋದರೂ ಯಾವ ಜಿಲ್ಲೆಯ ಕಟ್ಟು ಬಿಚ್ಚಬೇಕೆಂದು ತಿಳಿಯದು.

ಮುಳುಗಿದ ಊರಿನವರು

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯ ಹಳ್ಳಿಗಳು ನೀರಿಗೆ ಹೋದವು. ಅದಕ್ಕೂ ಮೊದಲು ಹಿರೇಭಾಸ್ಕರದ ಅಣೆಕಟ್ಟು ಒಂದಷ್ಟು ಊರುಗಳನ್ನು ಎಬ್ಬಿಸಿತ್ತು. ಸಂತ್ರಸ್ತರಲ್ಲಿ ಹಲವರನ್ನು ಶಿವಮೊಗ್ಗ, ಭದ್ರಾವತಿ ತಾಲ್ಲೂಕುಗಳ ಕಾಡಂಚಿಗೆ ತಂದುಬಿಟ್ಟರು. ಇತ್ತ ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ಹಿನ್ನೀರು ನರಸಿಂಹರಾಜಪುರದ ಸುತ್ತಲ ನೆಲವನ್ನು ನುಂಗಿತು. ಇಂಥ ಮನೆತನದವರು ಹುಡುಕಲು ಹೊರಟರೆ ಖರ್ಚಿನ ಸ್ವರೂಪವೇ ಬೇರೆ. ಹೋಗಿ ನೋಡಲು ಊರಿಲ್ಲ. ಮನೆದೇವರ ಕಲ್ಲನ್ನು ಕಿತ್ತು ತಂದು ಹೊಸ ಜಾಗದಲ್ಲಿ ನಿಲ್ಲಿಸಿದವರುಂಟು. ಪಕ್ಕದ ಮನೆಯವರು ಇನ್ನೊಂದು ತಾಲ್ಲೂಕಿಗೆ ಹೋದದ್ದರಿಂದ ಸಾಕ್ಷಿ ಹೇಳುವ ನೆರೆಹೊರೆಯೂ ಚದುರಿದೆ. ಉಳಿದಿರುವುದು ಭೂಸ್ವಾಧೀನದ ಕಡತ, ಪರಿಹಾರದ ಪಟ್ಟಿ, ಮುಳುಗಡೆ ಗ್ರಾಮಗಳ ಸರ್ವೆ ನಕ್ಷೆ.

ವಿಚಿತ್ರವೆಂದರೆ ಈ ಕುಟುಂಬಗಳಲ್ಲಿ ಹಲವರ ಬಳಿ ಕಾಗದದ ಕಟ್ಟು ಬೇರೆಯವರಿಗಿಂತ ದಪ್ಪ. ಜಮೀನಿನ ಹಕ್ಕಿಗಾಗಿ ದಶಕಗಟ್ಟಲೆ ಅಲೆದವರು ಒಂದೊಂದು ಚೀಟಿಯನ್ನೂ ಕಾದಿಟ್ಟಿದ್ದಾರೆ. ಅವರ ಪಾಲಿಗೆ ಇದು ಹವ್ಯಾಸವಲ್ಲ, ಹೊಟ್ಟೆಪಾಡು. ಹವ್ಯಾಸಿಗಳು ಅವರ ಮನೆಗೆ ಹೋದಾಗ ಕಡತವನ್ನು ಎರವಲು ಕೇಳದೆ ಅಲ್ಲೇ ಕೂತು ಫೋಟೋ ತೆಗೆದುಕೊಳ್ಳುವುದು ಮರ್ಯಾದೆ.

ಜಮೀನೂ ಇಲ್ಲದ, ಕಾರ್ಖಾನೆಯ ಕೆಲಸವೂ ಸಿಗದ ಮನೆತನಗಳ ಹುಡುಕಾಟ ಎಲ್ಲಕ್ಕಿಂತ ದುಬಾರಿ. ತೋಟಿ, ತಳವಾರ, ನೀರಗಂಟಿ ಮುಂತಾದ ಹುದ್ದೆಗಳಿಗೆ ಅಂಟಿಕೊಂಡ ಇನಾಂ ಜಮೀನು ಇದ್ದವರಿಗೆ ಒಂದು ದಾರಿ ಇದೆ. ವಂಶಪಾರಂಪರ್ಯವಾಗಿ ಬಂದ ಗ್ರಾಮಾಧಿಕಾರಗಳನ್ನು 1961ರ ಕಾಯ್ದೆ ರದ್ದು ಮಾಡಿದ ಮೇಲೆ ಆ ಜಮೀನುಗಳು ಮರುಮಂಜೂರಾದವು. ಆ ಕಡತಗಳಲ್ಲಿ ದಲಿತ ಕುಟುಂಬಗಳ ಎರಡು ಮೂರು ತಲೆಮಾರಿನ ಹೆಸರು ಸಿಗುತ್ತದೆ. ಅದೂ ಇಲ್ಲದವರಿಗೆ ಬಾಯಿಮಾತೇ ಗತಿ. ದಾಖಲೆಯಲ್ಲಿ ಹೆಸರು ಬರೆಸುವ ಶಕ್ತಿ ಅಂದು ಯಾರಿಗಿತ್ತೋ ಇಂದು ಅವರ ಮೊಮ್ಮಕ್ಕಳಿಗೆ ಹುಡುಕಾಟ ಅಗ್ಗ.

ಹೆಳವರ ದಾರಿ

ಕರ್ನಾಟಕದಲ್ಲಿ ವಂಶಾವಳಿ ಹೇಳುವುದನ್ನೇ ವೃತ್ತಿ ಮಾಡಿಕೊಂಡ ಸಮುದಾಯವಿದೆ: ಹೆಳವರು. ಒಂದೊಂದು ಹೆಳವ ಕುಟುಂಬಕ್ಕೂ ಇಷ್ಟು ಊರು, ಇಷ್ಟು ಮನೆತನ ಎಂಬ ಹಂಚಿಕೆ ಇರುತ್ತದೆ. ಹಿಂದೆ ಎತ್ತಿನ ಮೇಲೆ, ಗಾಡಿಯಲ್ಲಿ ಸುಗ್ಗಿ ಮುಗಿಯುವ ಹೊತ್ತಿಗೆ ಬರುತ್ತಿದ್ದರು. ಮನೆಯ ಮುಂದೆ ನಿಂತು ಆ ಮನೆಯವರ ಕುಲ, ಬೆಡಗು, ಮೂಲದ ಊರು, ಅಲ್ಲಿಂದ ಹೊರಟ ಕಾರಣ, ಬಂದ ದಾರಿ, ಹಿರಿಯರ ಹೆಸರು ಎಲ್ಲವನ್ನೂ ಒಂದೇ ಉಸಿರಿಗೆಂಬಂತೆ ಹೇಳುತ್ತಾರೆ. ಅವರ ಬಳಿ ಹಳೆಯ ಪಟ್ಟಿ, ಪುಸ್ತಕಗಳಿರುತ್ತವೆ. ಹಿಂದಿನ ಭೇಟಿಯ ನಂತರ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು ಹೋಗುತ್ತಾರೆ. ಲಿಂಗಾಯತ, ಕುರುಬ, ರೆಡ್ಡಿ ಮೊದಲಾದ ಒಕ್ಕಲು ಸಮುದಾಯಗಳು ಅವರ ಮುಖ್ಯ ಆಶ್ರಯ. ಉತ್ತರ ಮತ್ತು ಮಧ್ಯ ಕರ್ನಾಟಕದಲ್ಲಿ ಅವರ ಓಡಾಟ ಹೆಚ್ಚು.

ಇವರಿಗೆ ಕೊಡುವುದು ಶುಲ್ಕವಲ್ಲ, ಕಾಣಿಕೆ. ದವಸ, ಬಟ್ಟೆ, ಕರು, ಹಣ ಯಾವುದೂ ಆಗಬಹುದು. ಒಂದು ಕರುವಿನ ಬೆಲೆಯ ಎದುರು ಮಾಹಿತಿ ಹಕ್ಕಿನ 10 ರೂಪಾಯಿ ಏನೂ ಅಲ್ಲ ನಿಜ. ಆದರೆ ಆರೇಳು ತಲೆಮಾರಿನ ಹೆಸರು, ವಲಸೆಯ ಕತೆ ಸಮೇತ, ಬೇರೆ ಯಾವ ಕಚೇರಿಯೂ ಕೊಡಲಾರದು. ಅವರ ಪಟ್ಟಿಯಲ್ಲೂ ಗಂಡುಮಕ್ಕಳ ಸಾಲೇ ಪ್ರಧಾನ, ಹೊಗಳಿಕೆಯೂ ಬೆರೆತಿರುತ್ತದೆ. ಹೇಳಿದ್ದನ್ನು ಪಹಣಿ, ಪತ್ರಗಳ ಜೊತೆ ತಾಳೆ ನೋಡಬೇಕು. ಕಷ್ಟವಿರುವುದು ಅವರನ್ನು ಹುಡುಕುವುದರಲ್ಲಿ. ಹೆಳವರು ಬರುವುದು ಹಳ್ಳಿಯ ಮೂಲ ಮನೆಗೆ. ಜನ್ನಾಪುರದ ಸೈಟಿನಲ್ಲಿ ಮನೆ ಕಟ್ಟಿಕೊಂಡವರ ವಿಳಾಸ ಅವರ ಪುಸ್ತಕದಲ್ಲಿಲ್ಲ. ಊರಿನಲ್ಲಿ ಉಳಿದ ದಾಯಾದಿಗಳಿಗೆ 'ಹೆಳವರು ಬಂದರೆ ನನಗೊಂದು ಫೋನು ಮಾಡಿ' ಎಂದು ಹೇಳಿಟ್ಟು ಕಾಯಬೇಕು. ಆ ಫೋನು ಬರಬೇಕಾದರೆ ದಾಯಾದಿಗಳ ಜೊತೆ ಮಾತು ಇರಬೇಕು.

ಯಾತ್ರಾಸ್ಥಳಗಳ ಪಂಡರು ಯಾತ್ರಿಕರ ವಂಶಾವಳಿ ಬರೆದಿಡುವ ಬಹಿಗಳ ಹೆಸರನ್ನೂ ಎಲ್ಲರೂ ಕೇಳಿದ್ದಾರೆ. ಹರಿದ್ವಾರದವು ಹೆಚ್ಚಾಗಿ ಉತ್ತರ ಭಾರತದ ಕುಟುಂಬಗಳವು. ನಮ್ಮವರಲ್ಲಿ ಕಾಶಿ-ಗಯೆಗೆ ಹೋಗಿಬಂದ ಮುತ್ತಜ್ಜಂದಿರು ಇದ್ದ ಮನೆಗಳಷ್ಟೇ ಅಲ್ಲಿ ಕೇಳಿ ನೋಡಬಹುದು. ಬರೀ ಅದಕ್ಕಾಗಿ ಗಯೆಗೆ ರೈಲು ಹತ್ತುವುದು ದುಡ್ಡಿನ ದೃಷ್ಟಿಯಿಂದ ಜೂಜು.

ಪತ್ರಾಗಾರ, ಲಿಪಿ, ಶಾಸನ

ಕರ್ನಾಟಕ ರಾಜ್ಯ ಪತ್ರಾಗಾರ ಬೆಂಗಳೂರಿನ ವಿಧಾನಸೌಧದಲ್ಲಿದೆ. ಭದ್ರಾವತಿಯಿಂದ ಸುಮಾರು 250 ಕಿ.ಮೀ. ಓದುವುದಕ್ಕಿಂತ ಊಟ-ವಸತಿಗೇ ಹೆಚ್ಚು ಹೋಗುವ ಜಾಗ ಇದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತವಾದ ಮೇಲೆ ಈ ಹವ್ಯಾಸದ ಒಂದು ಲೆಕ್ಕ ತಲೆಕೆಳಗಾಗಿದೆ. ತಲೆತಲಾಂತರದಿಂದ ವಂಶವೃಕ್ಷದಲ್ಲಿ ಹೆಸರಿಲ್ಲದವರೇ ಈಗ ಅದನ್ನು ಹುಡುಕಲು ಕಡಿಮೆ ಖರ್ಚಿನಲ್ಲಿ ಹೋಗಿಬರಬಲ್ಲರು. ರಾಷ್ಟ್ರೀಯ ಪತ್ರಾಗಾರದ 'ಅಭಿಲೇಖ್ ಪಟಲ್' ಜಾಲತಾಣದಲ್ಲಿ ಕೂತಲ್ಲೇ ಹುಡುಕಬಹುದು. ಆದರೆ ಅದು ಆಡಳಿತದ ಕಡತಗಳ ಭಂಡಾರ, ಸಾಮಾನ್ಯ ರೈತನ ಹೆಸರು ಅಲ್ಲಿ ಬೀಳುವುದು ಅಪರೂಪ.

ಸಾಗರ ತಾಲ್ಲೂಕಿನ ಕೆಳದಿಯಲ್ಲಿ ವಿದ್ವಾಂಸ ಕೆಳದಿ ಗುಂಡಾಜೋಯಿಸರು ಕಟ್ಟಿದ, ಈಗ ಕುವೆಂಪು ವಿಶ್ವವಿದ್ಯಾಲಯದ ಆಶ್ರಯದಲ್ಲಿರುವ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿ, ಕಡತ, ಕಾಗದಪತ್ರಗಳ ಸಂಗ್ರಹವಿದೆ. ಮಲೆನಾಡಿನ ಮನೆತನಗಳಿಗೆ ಬೆಂಗಳೂರಿಗಿಂತ ಹತ್ತಿರದ ದಾರಿ. ಕಡತ ಎಂದರೆ ಹುಣಸೆಬೀಜದ ಅಂಟು ಮತ್ತು ಇದ್ದಿಲು ಬಳಿದು ಕಪ್ಪಾಗಿಸಿದ ಬಟ್ಟೆಯ ಮಡಿಕೆ. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಶಾನುಭೋಗರ ಮನೆಗಳ ಅಟ್ಟದಲ್ಲಿ ಈಗಲೂ ಇರುತ್ತವೆ.

ಸಿಕ್ಕಿದ ಮೇಲೆ ಓದುವವರು ಬೇಕು. ಕನ್ನಡದ ಮೋಡಿ ಅಕ್ಷರ, ಮರಾಠಿಯ ಮೋಡಿ, ಮಲೆನಾಡಿನ ವೈದಿಕ ಮನೆಗಳ ತಿಗಳಾರಿ ಇವನ್ನು ಬಲ್ಲವರು ವಿರಳ. ಅವರ ಕೆಲಸಕ್ಕೆ ನಿಗದಿತ ದರವಿಲ್ಲ. ಹಲವರು ಕೇಳುವುದೂ ಇಲ್ಲ, ಹಾಗೆಂದು ಕೊಡದೆ ಬರಬಾರದು. ಒಂದು ಪುಟಕ್ಕೆ ಒಂದು ಮಧ್ಯಾಹ್ನ ಹಿಡಿಯುವ ಕೆಲಸ ಅದು.

ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಶಿವಮೊಗ್ಗ ಜಿಲ್ಲೆಯ ಸಂಪುಟಗಳು 1902 ಮತ್ತು 1904ರಲ್ಲಿ ಬಂದವು, ಈಗ ಅಂತರ್ಜಾಲದಲ್ಲಿ ಉಚಿತ. ಊರಿನ ಹಳಮೆ ತಿಳಿಯಲು ಅವು ಚೆನ್ನ. ಊರ ಮುಂದಿನ ವೀರಗಲ್ಲಿನ ಗೌಡನನ್ನು ತಮ್ಮ ಮೂಲಪುರುಷ ಮಾಡಿಕೊಳ್ಳುವ ಆಸೆಯನ್ನು ಮಾತ್ರ ತಡೆದುಕೊಳ್ಳಬೇಕು. ನಡುವಿನ ಐನೂರು ವರ್ಷಕ್ಕೆ ಪುರಾವೆ ಇಲ್ಲದೆ ಹಾಕಿದ ಗೆರೆ ಇತಿಹಾಸವಾಗದು.

ಚಂದಾ, ತಂತ್ರಾಂಶ, ಡಿಎನ್ಎ

ಅನ್ಸೆಸ್ಟ್ರಿ, ಮೈಹೆರಿಟೇಜ್‌ನಂಥ ಜಾಲತಾಣಗಳ ವಾರ್ಷಿಕ ಚಂದಾ ಭದ್ರಾವತಿಯ ಮನೆತನಕ್ಕೆ ಬಹುಮಟ್ಟಿಗೆ ವ್ಯರ್ಥ. ಅವುಗಳ ಬಲ ಇರುವುದು ಅಮೆರಿಕ, ಯುರೋಪಿನ ದಾಖಲೆಗಳಲ್ಲಿ. ಆಂಗ್ಲೋ ಇಂಡಿಯನ್ ಕುಟುಂಬವಾದರೆ ಮಾತು ಬೇರೆ. ಸಾಲ್ಟ್ ಲೇಕ್ ಸಿಟಿಯ ಫ್ಯಾಮಿಲಿಸರ್ಚ್ ಉಚಿತ, ನೋಡಿದರೆ ನಷ್ಟವಿಲ್ಲ. ಮನೆಯ ಕಂಪ್ಯೂಟರಿನಲ್ಲಿ ವಂಶವೃಕ್ಷ ಬರೆಯಲು ಗ್ರ್ಯಾಂಪ್ಸ್ ಎಂಬ ಮುಕ್ತ ತಂತ್ರಾಂಶ ಸಾಕು.

ಡಿಎನ್ಎ ಪರೀಕ್ಷೆಯ ಜಾಹೀರಾತಿಗೆ ಮರುಳಾಗುವ ಮುನ್ನ ಅದು ಏನು ಹೇಳಬಲ್ಲದು ಎಂದು ತಿಳಿಯಬೇಕು. ವೈ ಕ್ರೋಮೋಸೋಮು ತಂದೆಯ ತಂದೆಯ ತಂದೆಯ ಸಾಲು, ಮೈಟೊಕಾಂಡ್ರಿಯಾ ತಾಯಿಯ ತಾಯಿಯ ಸಾಲು. ನಡುವಿನ ನೆಂಟರನ್ನು ಗುರುತಿಸಬೇಕಾದರೆ ಆ ನೆಂಟರೂ ಅದೇ ಕಂಪನಿಗೆ ಜೊಲ್ಲು ಕಳಿಸಿರಬೇಕು. ನ್ಯೂಜೆರ್ಸಿಯ ಸೋದರತ್ತೆಯ ಮಗ ಕಳಿಸಿರಬಹುದು, ಹೊಳೆಹೊನ್ನೂರಿನ ದೊಡ್ಡಪ್ಪನ ಮಗ ಕಳಿಸಿರುವುದಿಲ್ಲ. ಯಾರ ಹೆಸರನ್ನೂ ಅದು ಹೇಳುವುದಿಲ್ಲ. ಹೇಳಬಾರದ್ದನ್ನು ಹೇಳಿಬಿಡುವುದೂ ಉಂಟು.

ಹಳೆಯದನ್ನು ಹೊಸದಕ್ಕೆ ತರುವ ಒಂದು ಸಣ್ಣ ಖರ್ಚು ನಮ್ಮಲ್ಲೇ ಹುಟ್ಟಿದ್ದು. ಹಿಂದೆ ಬರಹ, ನುಡಿ ಮುಂತಾದ ತಂತ್ರಾಂಶಗಳಲ್ಲಿ ಟೈಪು ಮಾಡಿಸಿದ ವಂಶಾವಳಿಗಳು ಈಗಿನ ಯೂನಿಕೋಡ್‌ಗೆ ಸಲೀಸಾಗಿ ಬರುವುದಿಲ್ಲ. ಪರಿವರ್ತಕಗಳು ಉಚಿತ, ಆದರೆ ಒತ್ತಕ್ಷರ, ಅರ್ಕಾವತ್ತು ಎಡವಿದ ಕಡೆಯೆಲ್ಲ ಕೈಯಿಂದ ತಿದ್ದಬೇಕು.

ಪಾಲಿನ ಅನುಮಾನ

ನಮ್ಮಲ್ಲಿ 'ವಂಶವೃಕ್ಷ' ಎಂದ ಕೂಡಲೇ ಜನ ನಾಡಕಚೇರಿಯನ್ನು ನೆನೆಯುತ್ತಾರೆ. ಸ್ಟಾಂಪ್ ಪೇಪರಿನ ಅಫಿಡವಿಟ್ಟು, ನೋಟರಿ, ಗ್ರಾಮ ಆಡಳಿತಾಧಿಕಾರಿಯ ಮಹಜರು, ಊರಿನವರ ಸಹಿ ಆದ ಮೇಲೆ ಬರುವ ದೃಢೀಕೃತ ವಂಶವೃಕ್ಷ ಪೌತಿ ಖಾತೆಗೆ, ಪಾಲಿಗೆ, ಪರಿಹಾರಕ್ಕೆ ಬೇಕಾಗುವ ಕಾಗದ. ಹಾಗಾಗಿ ಹವ್ಯಾಸಕ್ಕೆಂದು ಹೋಗಿ ಹಳ್ಳಿಯ ಜಗಲಿಯಲ್ಲಿ ಕೂತು 'ದೊಡ್ಡಪ್ಪಾ, ನಮ್ಮಜ್ಜನಿಗೆ ಎಷ್ಟು ಜನ ತಂಗಿಯರು?' ಎಂದು ಕೇಳಿದರೆ, 'ಯಾಕಪ್ಪಾ, ಈಗ ಅದನ್ನೆಲ್ಲ ಯಾಕೆ ಕೆದಕ್ತೀಯ?' ಎಂಬ ಉತ್ತರ ಬರುವುದು ಸಹಜ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಕರ್ನಾಟಕ 1994ರಲ್ಲಿ, ಇಡೀ ದೇಶ 2005ರಲ್ಲಿ ಕಾನೂನು ಮಾಡಿದ ಮೇಲಂತೂ ಮರೆತುಹೋದ ಅತ್ತೆಯೊಬ್ಬಳ ಹೆಸರು ಹೊರಗೆ ಬರುವುದು ಬರೀ ಕುತೂಹಲದ ವಿಷಯವಾಗಿ ಉಳಿದಿಲ್ಲ. ಹಳೆಯ ವಂಶವೃಕ್ಷಗಳಲ್ಲಿ ಹೆಣ್ಣುಮಕ್ಕಳನ್ನು ಬಿಟ್ಟದ್ದು ಬರೀ ಅಲಕ್ಷ್ಯದಿಂದಲ್ಲ, ಲೆಕ್ಕಾಚಾರದಿಂದಲೂ.

ಈ ಅನುಮಾನವನ್ನು ದಾಟಲು ಆಗುವ ಖರ್ಚೇ ಈ ಹವ್ಯಾಸದಲ್ಲಿ ದೊಡ್ಡದು ಎಂದು ನನ್ನ ಎಣಿಕೆ. ಬರಿಗೈಯಲ್ಲಿ ಹೋಗುವಂತಿಲ್ಲ, ಹಣ್ಣು ಬಿಸ್ಕೀಟು ಬೇಕು. ಮೊದಲ ಭೇಟಿಯಲ್ಲಿ ಕೇಳುವಂತಿಲ್ಲ, ಎರಡನೆಯದಕ್ಕೂ ಹೋಗಬೇಕು. ಮದುವೆ, ಗೃಹಪ್ರವೇಶ, ತಿಥಿ ಯಾವುದನ್ನೂ ತಪ್ಪಿಸುವಂತಿಲ್ಲ, ಮುಯ್ಯಿ ಮಾಡಬೇಕು. ಮನೆದೇವರ ಜಾತ್ರೆಗೆ ವರ್ಷಕ್ಕೊಮ್ಮೆ ಹೋಗಿ ವಂತಿಗೆ ಕೊಟ್ಟರೆ, ಅಲ್ಲಿ ಊಟದ ಪಂಕ್ತಿಯಲ್ಲಿ ಸಿಗುವಷ್ಟು ಮಾಹಿತಿ ಯಾವ ರೆಕಾರ್ಡ್ ರೂಮಿನಲ್ಲೂ ಇಲ್ಲ. ಒಂದೇ ದೇವರಿಗೆ ನಡೆದುಕೊಳ್ಳುವ ಒಕ್ಕಲುಗಳೆಲ್ಲ ಆ ದಿನ ಒಂದೆಡೆ ಸೇರಿರುತ್ತವೆ. ವಿದೇಶದಲ್ಲಿರುವ ಕನ್ನಡದವರು ದುಡ್ಡು ಕೊಟ್ಟು ಇಲ್ಲಿ ಯಾರನ್ನಾದರೂ ಗೊತ್ತುಮಾಡಿದರೆ ಪಹಣಿ ಸಿಗುತ್ತದೆ, ಈ ಪಂಕ್ತಿ ಸಿಗುವುದಿಲ್ಲ.

ಎಸ್.ಎಲ್. ಭೈರಪ್ಪನವರ 1965ರ ಕಾದಂಬರಿ 'ವಂಶವೃಕ್ಷ'ದಲ್ಲಿ ಕುಲದ ಶುದ್ಧಿಯನ್ನೇ ನಂಬಿ ಬದುಕಿದ ಶ್ರೀನಿವಾಸ ಶ್ರೋತ್ರಿಯರಿಗೆ ತಮ್ಮ ಹುಟ್ಟಿನ ನಿಜ ಇಳಿವಯಸ್ಸಿನಲ್ಲಿ ತಿಳಿಯುತ್ತದೆ. ನಿಜಜೀವನದಲ್ಲೂ ದತ್ತು, ಎರಡನೆಯ ಸಂಬಂಧ, ಜಾತಿ ಬಿಟ್ಟು ಹೋದವರು, ಬಾವಿಗೆ ಬಿದ್ದ ಸೊಸೆಯರು ಎದುರಾಗುತ್ತಾರೆ. ಯಾವುದನ್ನು ಬರೆಯುವುದು, ಯಾವುದನ್ನು ಯಾರಿಗೆ ಹೇಳುವುದು ಎಂಬುದನ್ನು ಹುಡುಕಾಟಕ್ಕೆ ಮೊದಲೇ ಮನೆಯವರ ಜೊತೆ ಮಾತಾಡಿಕೊಂಡರೆ ಒಳ್ಳೆಯದು.

ಅಚ್ಚು ಹಾಕಿಸುವುದು

ಮಲೆನಾಡಿನ ಹಲವು ಮನೆತನಗಳು ತಮ್ಮ ವಂಶಾವಳಿಯನ್ನು ಪುಸ್ತಕ ಮಾಡಿವೆ. ಇಲ್ಲಿ ಖರ್ಚನ್ನು ತೀರ್ಮಾನಿಸುವುದು ಪ್ರತಿಗಳ ಸಂಖ್ಯೆ. ಆಫ್‌ಸೆಟ್ ಮುದ್ರಣದಲ್ಲಿ ಪ್ಲೇಟಿನ ಖರ್ಚು ಮೊದಲೇ ಬೀಳುವುದರಿಂದ ಐನೂರು, ಸಾವಿರ ಪ್ರತಿ ಹಾಕಿದರಷ್ಟೇ ಒಂದೊಂದರ ಬೆಲೆ ಇಳಿಯುತ್ತದೆ. ಐವತ್ತು ಮನೆಯ ಕುಟುಂಬಕ್ಕೆ ಸಾವಿರ ಪುಸ್ತಕ ಹಾಕಿಸಿ ಅಟ್ಟ ತುಂಬಿಸಿಕೊಂಡವರಿದ್ದಾರೆ. ನೂರರೊಳಗಾದರೆ ಡಿಜಿಟಲ್ ಮುದ್ರಣವೇ ಸರಿ. ಮಡಿಸುವ ದೊಡ್ಡ ನಕ್ಷೆ, ಬಣ್ಣದ ಫೋಟೋ ಸೇರಿಸಿದಷ್ಟೂ ದರ ಏರುತ್ತದೆ. ಕರಡು ತಿದ್ದುವವರಿಗೆ ಕೊಡುವ ಹಣದಲ್ಲಿ ಮಾತ್ರ ಉಳಿಸಲು ಹೋಗಬಾರದು, ಯಾಕೆಂದರೆ ಹೆಸರು ತಪ್ಪಾದ ನೆಂಟರು ಅದನ್ನು ಮರೆಯುವುದಿಲ್ಲ. ಭಾರತದಲ್ಲಿ ಐಎಸ್‌ಬಿಎನ್ ಸಂಖ್ಯೆ ಉಚಿತವಾಗಿ ಸಿಗುತ್ತದೆ, ಕುಟುಂಬದೊಳಗೇ ಹಂಚುವ ಪುಸ್ತಕಕ್ಕೆ ಅದರ ಅಗತ್ಯವೂ ಇಲ್ಲ. ಬದುಕಿರುವವರ ಪೂರ್ತಿ ಜನ್ಮದಿನಾಂಕ, ಫೋನ್ ನಂಬರು, ತಾಯಿಯ ತವರಿನ ಹೆಸರು ಮೂರನ್ನೂ ಒಂದೇ ಸಾಲಿನಲ್ಲಿ ಅಚ್ಚು ಹಾಕಿಸಬೇಡಿ. ಬ್ಯಾಂಕಿನವರಂತೆ ಫೋನು ಮಾಡಿ ವಂಚಿಸುವವರಿಗೆ ಬೇಕಾದ ವಿವರಗಳೂ ಇವೇ. ಬದುಕಿರುವವರಿಗೆ ಇಸವಿಯಷ್ಟೇ ಸಾಕು, ತೀರಿಕೊಂಡವರಿಗೆ ದಿನಾಂಕ ಪೂರ್ತಿ ಕೊಡಬಹುದು.